ಹಲ್ಲರ್ ಶಾಫ್ಟ್ ಇನ್ನೆಷ್ಟು ದಿನ ತಾಳೀತು? ಎನ್‌ಡಿಟಿ ಮಾಡಿಸಿ ಯಂತ್ರಭಾಗದ ಫಟೀಗ್ ಆಯಸ್ಸು ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಮಳೆ ಹಿಡಿದ ಮೇಲೆ ಹಾಸನ, ಚಿಕ್ಕಮಗಳೂರು ಕಡೆಯ ಕಾಫಿ ಶೆಡ್‌ಗಳಲ್ಲಿ ಯಂತ್ರ ಬಿಚ್ಚುವ ಕೆಲಸ ಶುರುವಾಗುತ್ತದೆ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಒಣಗಿದ ಕಾಫಿಯ ಹೊಟ್ಟು ಬಿಡಿಸುವ ಹಲ್ಲರ್, ಟ್ರೈಲರ್ ಎಲ್ಲವೂ ಸಾಲಾಗಿ ನಿಂತಿರುತ್ತವೆ. ಎನ್‌ಡಿಟಿ, ಅಂದರೆ ಭಾಗವನ್ನು ಕತ್ತರಿಸದೆ ಕೆಡಿಸದೆ ಬಿರುಕು ಹುಡುಕುವ ಪರೀಕ್ಷೆ, ಮಾಡುವವರು ಬಂದು ಶಾಫ್ಟಿಗೆ ಕೆಂಪು ಬಣ್ಣ, ಅದರ ಮೇಲೆ ಬಿಳಿ ಪುಡಿ ಹೊಡೆದು ನೋಡಿ, "ಬಿರುಕು ಕಂಡಿಲ್ಲ" ಎಂದು ಬರೆದುಕೊಟ್ಟು ಹೋಗುತ್ತಾರೆ. ಕಾಗದ ಫೈಲಿಗೆ ಸೇರುತ್ತದೆ, ಮಾಲೀಕರು ನಿಶ್ಚಿಂತರಾಗುತ್ತಾರೆ. ಜನವರಿಯಲ್ಲಿ ಹಣ್ಣು ರಾಶಿ ಬಿದ್ದಿರುವಾಗಲೇ ಅದೇ ಶಾಫ್ಟ್ ಪುಲ್ಲಿಯ ಪಕ್ಕದಲ್ಲಿ ಕತ್ತರಿಸಿ ಬೀಳುತ್ತದೆ. ಆಗ ಬೈಗುಳ ಟೆಸ್ಟ್ ಮಾಡಿದವರಿಗೆ.

ಬಹುತೇಕ ಸಲ ಅವರ ತಪ್ಪೇನೂ ಇರುವುದಿಲ್ಲ. ಕೊಡದ ಮಾತನ್ನು ನಾವೇ ಆ ಕಾಗದದಲ್ಲಿ ಓದಿಕೊಂಡಿರುತ್ತೇವೆ. ಆಯಸ್ಸನ್ನು ಅಳೆದು ಹೇಳುವ ಎನ್‌ಡಿಟಿ ಯಂತ್ರ ಎಲ್ಲೂ ಇಲ್ಲ. ಪರೀಕ್ಷೆ ಹೇಳುವುದು ಇಷ್ಟೇ: ಈ ವಿಧಾನಕ್ಕೆ ಸಿಕ್ಕುವಷ್ಟು ದೊಡ್ಡ ಬಿರುಕು ಇವತ್ತು ಇಲ್ಲಿಲ್ಲ. ಅದಕ್ಕಿಂತ ಚಿಕ್ಕದು ಇರಬಹುದು. ಇದ್ದೇ ಇದೆ ಎಂದು ಹಿಡಿದು, ಅದು ಬೆಳೆದು ಶಾಫ್ಟ್ ಮುರಿಯಲು ಎಷ್ಟು ಸುತ್ತು ಬೇಕೆಂದು ಲೆಕ್ಕ ಹಾಕಿದಾಗ ಸಿಗುವುದೇ ಉಳಿದ ಆಯಸ್ಸು. ಅಂದರೆ ಕಂಡ ಬಿರುಕಿಗಿಂತ ಕಣ್ತಪ್ಪಿಸಬಹುದಾದ ಬಿರುಕಿನ ಮೇಲೆ ಲೆಕ್ಕ ನಿಲ್ಲುತ್ತದೆ. ವಿಮಾನದ ಭಾಗಗಳಿಗೂ ಇದೇ ಪದ್ಧತಿ. ನಮ್ಮ ಶೆಡ್ಡಿಗೆ ಅದನ್ನು ಇಳಿಸಿಕೊಳ್ಳಲು ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ಮೊದಲು ಒಂದಿಷ್ಟು ಹಿನ್ನೆಲೆ

ಒಂದೇ ಏಟಿಗೆ ಮುರಿಯಲು ಬೇಕಾದ ಬಲಕ್ಕಿಂತ ಎಷ್ಟೋ ಕಡಿಮೆ ಬಲ ಲಕ್ಷಾಂತರ ಸಲ ಬಂದು ಹೋದರೆ ಉಕ್ಕಿನಲ್ಲಿ ಬಿರುಕು ಹುಟ್ಟಿ ಬೆಳೆಯುತ್ತದೆ. ಲೋಹದ ದಣಿವು (ಫಟೀಗ್) ಎನ್ನುವುದು ಇದನ್ನೇ. 1842ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಬಳಿ ಎಂಜಿನ್ನಿನ ಅಚ್ಚು (ಆಕ್ಸಲ್) ಮುರಿದು ದೊಡ್ಡ ರೈಲು ದುರಂತವಾದ ಮೇಲೆ ಎಂಜಿನಿಯರುಗಳು ಇದರ ಹಿಂದೆ ಬಿದ್ದರು. ಜರ್ಮನಿಯ ಆಗಸ್ಟ್ ವೋಲರ್ 1850-60ರ ದಶಕಗಳಲ್ಲಿ ರೈಲು ಅಚ್ಚುಗಳನ್ನು ತಿರುಗಿಸಿ ತಿರುಗಿಸಿ ಮುರಿದು, ಯಾವ ಒತ್ತಡಕ್ಕೆ ಎಷ್ಟು ಸುತ್ತು ಎಂಬ ನಕ್ಷೆಯನ್ನು ಕೊಟ್ಟ. ಹುಟ್ಟಿದ ಬಿರುಕು ಸುತ್ತಿಗೆಷ್ಟು ಬೆಳೆಯುತ್ತದೆ ಎಂಬ ಸೂತ್ರ ಬಂದದ್ದು ಮಾತ್ರ 1960ರ ದಶಕದಲ್ಲಿ, ಅಮೆರಿಕದ ಪಾಲ್ ಪ್ಯಾರಿಸ್‌ನಿಂದ. ನಮಗೆ ಇಬ್ಬರೂ ಬೇಕು.

ಮುಂದಿನ ಹಂತಗಳಿಗೆ ಎರಡು ಉದಾಹರಣೆ ಇಟ್ಟುಕೊಳ್ಳೋಣ. ಒಂದು, 20 ಎಚ್‌ಪಿ ಮೋಟರಿನಿಂದ ಬೆಲ್ಟಿನಲ್ಲಿ ಓಡುವ ಹಲ್ಲರಿನ 50 ಮಿಮೀ ಶಾಫ್ಟ್. ಇನ್ನೊಂದು, ತೋಟದ ರಸ್ತೆಯಲ್ಲಿ ಮೂಟೆ ಹೊರುವ ಟ್ರ್ಯಾಕ್ಟರ್ ಟ್ರೈಲರಿನ ಡ್ರಾಬಾರ್, ಅಂದರೆ ಟ್ರೈಲರನ್ನು ಟ್ರ್ಯಾಕ್ಟರಿಗೆ ಜೋಡಿಸುವ ಎಳೆಕಂಬಿ. ಅಂಕಿಗಳನ್ನು ವಿಧಾನ ತೋರಿಸಲು ಆಯ್ದುಕೊಂಡಿದ್ದೇನೆ. ನಿಮ್ಮ ಯಂತ್ರದ ಅಳತೆ ಹಾಕಿ ಮತ್ತೆ ಲೆಕ್ಕ ಮಾಡಲೇಬೇಕು.

ಹಂತ 1: ಎಲ್ಲಿ ಮುರಿಯಬಹುದೆಂದು ಗುರುತು ಹಾಕಿ

ಇಡೀ ಶಾಫ್ಟನ್ನು ಟೆಸ್ಟ್ ಮಾಡಿಸುವುದು ದುಡ್ಡು ದಂಡ. ದಣಿವಿನ ಬಿರುಕು ಹುಟ್ಟುವ ಜಾಗಗಳು ಬೆರಳೆಣಿಕೆಯಷ್ಟು. ವ್ಯಾಸ ಬದಲಾಗುವ ಭುಜ, ಕೀವೇಯ (ಪುಲ್ಲಿ ಜಾರದಂತೆ ಕೀ ಕೂರಿಸುವ ತೋಡು) ಒಳಮೂಲೆ ಮತ್ತು ಅದರ ಕೊನೆ, ಬಿಗಿಯಾಗಿ ಕೂರಿಸಿದ ಪುಲ್ಲಿ ಅಥವಾ ಬೇರಿಂಗಿನ ಅಂಚು, ಎಣ್ಣೆಯ ತೂತು, ಸರ್ಕ್ಲಿಪ್ (ಲಾಕ್ ರಿಂಗ್) ಕೂರುವ ತೋಡು, ವೆಲ್ಡಿನ ಬುಡ. ಇವುಗಳ ಜೊತೆಗೆ ನಮ್ಮ ಕಡೆಯದೇ ಎರಡು ಸೇರಿಸಬೇಕು.

ಮೊದಲನೆಯದು ತುಕ್ಕಿನ ಗುಳಿ. ಪಲ್ಪಿಂಗ್ ನೀರು ಹುಳಿಯುತ್ತದೆ, ಆಮ್ಲೀಯವಾಗುತ್ತದೆ. ಅದು ಸಿಡಿದು ಕೂತ ಶಾಫ್ಟ್ ಮಳೆಗಾಲದ ನಾಲ್ಕು ತಿಂಗಳು ಒರೆಸುವವರಿಲ್ಲದೆ ನಿಂತರೆ ಮೈಮೇಲೆ ಸಣ್ಣ ಗುಳಿಗಳು ಬೀಳುತ್ತವೆ. ಪ್ರತಿ ಗುಳಿಯೂ ಬಿರುಕಿಗೆ ತವರು. ಎರಡನೆಯದು ವೆಲ್ಡ್ ತುಂಬಿಸಿ ಲೇತಿಗೆ ಹಾಕಿದ ಶಾಫ್ಟ್. ಬೇರಿಂಗ್ ಸೀಟು ಸವೆದರೆ ವೆಲ್ಡಿಂಗ್ ತುಂಬಿಸಿ ತಿರುವಿಕೊಡುವುದು ಆಲ್ದೂರಿನಿಂದ ಅರಸೀಕೆರೆವರೆಗೆ ಎಲ್ಲ ವರ್ಕ್‌ಶಾಪಿನಲ್ಲೂ ನಡೆಯುತ್ತದೆ. ನೋಡಲು ಹೊಸದರಂತಿರುತ್ತದೆ, ಅಳತೆಯೂ ಸರಿ ಬರುತ್ತದೆ. ಒಳಗೆ ಮಾತ್ರ ವೆಲ್ಡಿನ ಅಂಚಿನಲ್ಲಿ ಗಡಸಾದ ಪದರ, ಎಳೆತದ ಉಳಿಕೆ ಒತ್ತಡ, ಕೆಲವೊಮ್ಮೆ ಹುಟ್ಟು ಬಿರುಕು. ಶಾಫ್ಟಿಗೆ ಬಳಸುವ ಇಎನ್-8 ಎಂಬ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ 0.4. ಮೊದಲೇ ಬಿಸಿ ಮಾಡದೆ ವೆಲ್ಡ್ ಹಾಕಿದರೆ ಅದು ಸಹಿಸುವುದಿಲ್ಲ. ಇಂಥ ಶಾಫ್ಟಿಗೆ ಮುಂದಿನ ಲೆಕ್ಕವನ್ನು ಹಾಕಲೇಬೇಡಿ, ಬದಲಾಯಿಸಿ.

ಹಿಂದೆ ಮುರಿದ ತುಂಡು ಗುಜರಿಗೆ ಹೋಗಿರದಿದ್ದರೆ ಹುಡುಕಿ ತೆಗೆಯಿರಿ. ಮುರಿದ ಮುಖದಲ್ಲಿ ನಯವಾದ ಭಾಗ ಬಿರುಕು ನಿಧಾನವಾಗಿ ಬೆಳೆದದ್ದು, ಒರಟಾಗಿ ಹರಳುಹರಳಾಗಿರುವುದು ಕೊನೆಗೆ ಒಮ್ಮೆಲೇ ಕಿತ್ತದ್ದು. ನಯವಾದ ಭಾಗದಲ್ಲಿ ಮರದ ಉಂಗುರಗಳಂತೆ ಬಾಗಿದ ಗೆರೆಗಳಿರುತ್ತವೆ, ಅವುಗಳ ಕೇಂದ್ರವೇ ಬಿರುಕು ಹುಟ್ಟಿದ ಜಾಗ. ಒರಟು ಭಾಗ ಚಿಕ್ಕದಿದ್ದರೆ ಶಾಫ್ಟಿನ ಮೇಲೆ ಹೊರೆ ಕಡಿಮೆಯಿತ್ತು, ಆದರೂ ಮುರಿಯಿತು ಎಂದರ್ಥ. ಅಲ್ಲಿ ದಪ್ಪ ಶಾಫ್ಟ್ ಹಾಕಿಸಿ ಪ್ರಯೋಜನವಿಲ್ಲ, ಭುಜದ ಮೂಲೆಯನ್ನೋ ಕೀವೇಯನ್ನೋ ಸರಿಪಡಿಸಬೇಕು.

ಹಂತ 2: ಆ ಜಾಗದ ಒತ್ತಡ ಎಷ್ಟು?

20 ಎಚ್‌ಪಿ ಎಂದರೆ ಸುಮಾರು 15 ಕಿಲೋವ್ಯಾಟ್. ಶಾಫ್ಟ್ ನಿಮಿಷಕ್ಕೆ 300 ಸುತ್ತು ತಿರುಗಿದರೆ ತಿರುಚುಬಲ 9,550 × 15 ÷ 300, ಅಂದರೆ 477 ನ್ಯೂಟನ್-ಮೀಟರ್. ಪುಲ್ಲಿಯ ವ್ಯಾಸ 500 ಮಿಮೀ ಆದರೆ ಅದರ ಅಂಚಿನಲ್ಲಿ 1,900 ನ್ಯೂಟನ್. ಬೆಲ್ಟಿನ ಎರಡೂ ಕಡೆ ಎಳೆತ ಇರುವುದರಿಂದ ಶಾಫ್ಟನ್ನು ಬಾಗಿಸುವ ಒಟ್ಟು ಬಲ ಇದರ ಎರಡೂವರೆ ಪಟ್ಟಿನ ಆಸುಪಾಸು, 5,000 ನ್ಯೂಟನ್ ಎಂದು ಹಿಡಿಯಿರಿ. ಬೇರಿಂಗಿನ ಭುಜದಿಂದ ಪುಲ್ಲಿಯ ಮಧ್ಯಕ್ಕೆ 150 ಮಿಮೀ ಇದ್ದರೆ ಬಾಗುಬಲ 7,50,000 ನ್ಯೂಟನ್-ಮಿಮೀ. 50 ಮಿಮೀ ಶಾಫ್ಟಿನ ಬಾಗು ಗುಣಕ (ವ್ಯಾಸದ ಘನ × 3.14 ÷ 32) 12,270 ಘನ ಮಿಮೀ. ಭಾಗಿಸಿದರೆ 61. 60 ಮೆಗಾಪ್ಯಾಸ್ಕಲ್ (ಚದರ ಮಿಮೀಗೆ ಅಷ್ಟು ನ್ಯೂಟನ್) ಎಂದು ಇಟ್ಟುಕೊಳ್ಳೋಣ.

ಶಾಫ್ಟ್ ತಿರುಗುತ್ತಿರುವುದರಿಂದ ಮೇಲ್ಮೈಯ ಪ್ರತಿ ಬಿಂದುವೂ ಒಂದು ಸುತ್ತಿನಲ್ಲಿ ಒಮ್ಮೆ ಎಳೆತ, ಒಮ್ಮೆ ಅದುಮು ಕಾಣುತ್ತದೆ. ಒಂದು ಸುತ್ತು, ಒಂದು ಆವರ್ತ. ಗಂಟೆಗೆ 18,000. ದಿನಕ್ಕೆ 10 ಗಂಟೆ ಓಡಿಸಿದರೆ 1,80,000.

ಬೆಲ್ಟ್ ಜಾರುತ್ತದೆಂದು ಮೋಟರನ್ನು ಹಿಂದಕ್ಕೆ ತಳ್ಳಿ ಬಿಗಿ ಮಾಡುವ ಅಭ್ಯಾಸವಿದೆಯಲ್ಲ, ಅದು ಇಲ್ಲಿ ನೇರವಾಗಿ ಒತ್ತಡಕ್ಕೆ ಸೇರುತ್ತದೆ. ಶೇ 20ರಷ್ಟು ಹೆಚ್ಚು ಬಿಗಿದರೆ ಬಿರುಕಿನ ಆಯಸ್ಸು 58ಕ್ಕೆ ಇಳಿಯುತ್ತದೆ, ಮೊದಲು 100 ಇತ್ತು ಎಂದುಕೊಂಡರೆ. ಕಾರಣ ಮುಂದೆ ಬರುವ ಘನದ ಲೆಕ್ಕ.

ಡ್ರಾಬಾರಿನ ವಿಷಯ ಬೇರೆ. ಅಲ್ಲಿ ಕಾಗದದ ಮೇಲೆ ಒತ್ತಡ ಸಿಗುವುದಿಲ್ಲ, ಗುಂಡಿಗೊಂದು ಏಟು. ಸ್ಟ್ರೇನ್ ಗೇಜ್ (ಲೋಹ ಎಷ್ಟು ಹಿಗ್ಗುತ್ತದೆಂದು ಅಳೆಯುವ ಸಣ್ಣ ಪಟ್ಟಿ) ಅಂಟಿಸಿ ಒಂದು ದಿನ ಓಡಿಸಿ ಅಳೆಯುವುದೇ ಸರಿಯಾದ ದಾರಿ. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಮೆಕ್ಯಾನಿಕಲ್ ವಿಭಾಗದಲ್ಲಿ ವಿಚಾರಿಸಿ ನೋಡಿ, ಕೊನೆ ವರ್ಷದ ಹುಡುಗರಿಗೆ ಒಳ್ಳೆಯ ಪ್ರಾಜೆಕ್ಟ್ ಆದೀತು. ದಿನಕ್ಕೆ 220 ಮೆಗಾಪ್ಯಾಸ್ಕಲ್ಲಿನ 100 ದೊಡ್ಡ ಏಟು, 90ರ 900 ಸಣ್ಣ ಏಟು ಬಂತೆನ್ನಿ. ಇವನ್ನು ಒಂದೇ ಅಂಕಿಗೆ ಇಳಿಸಲು ಪ್ರತಿ ಏಟಿನ ಘನ ತೆಗೆದು, ಸರಾಸರಿ ಮಾಡಿ, ಘನಮೂಲ ತೆಗೆಯಬೇಕು. ಉತ್ತರ 120, ದಿನಕ್ಕೆ 1,000 ಸಲ. ಇದರಲ್ಲಿ ಆ ನೂರು ದೊಡ್ಡ ಏಟುಗಳದ್ದೇ ಶೇ 62ರಷ್ಟು ಹಾನಿ. ಡ್ರೈವರನಿಗೆ ದಿನವಿಡೀ ನಿಧಾನ ಹೋಗು ಎನ್ನುವ ಬದಲು ಇಂತಿಂಥ ಹತ್ತು ಗುಂಡಿಗಳಲ್ಲಿ ನಿಧಾನ ಹೋಗು ಎಂದರೆ ಹೆಚ್ಚು ಫಲ.

ಹಂತ 3: ಬಿರುಕೇ ಇಲ್ಲದ ಶಾಫ್ಟಿಗೆ ಎಷ್ಟು ಆಯಸ್ಸು?

ಇದನ್ನು ಬೇಗ ಮುಗಿಸಬಹುದು. ಇಎನ್-8ರ ಕರ್ಷಣ ಬಲ 600 ಮೆಗಾಪ್ಯಾಸ್ಕಲ್ ಎಂದರೆ ನುಣುಪಾದ ಸಣ್ಣ ತುಂಡಿನ ದಣಿವಿನ ಮಿತಿ (ಎಷ್ಟು ಸುತ್ತಾದರೂ ಮುರಿಯದ ಒತ್ತಡ) ಅದರರ್ಧ, 300. ಲೇತಿನ ಮೇಲ್ಮೈಗೆ 0.8, ಗಾತ್ರಕ್ಕೆ 0.8 ಗುಣಿಸಿ, ಭುಜದ ಮೂಲೆಗೆ 2ರಿಂದ ಭಾಗಿಸಿ. 96 ಬರುತ್ತದೆ. ನಮ್ಮ ಒತ್ತಡ 60. ಹಾಗಾಗಿ ಚೆನ್ನಾಗಿ ತಿರುವಿದ, ಒಣಗಿದ, ಬಿರುಕಿಲ್ಲದ ಶಾಫ್ಟ್ ಎಂದೂ ಮುರಿಯಬಾರದು. ಮುರಿಯುತ್ತಿದೆ ಎಂದರೆ ಈ ಲೆಕ್ಕದಲ್ಲಿರುವ ಯಾವುದೋ ಒಂದು ಸುಳ್ಳಾಗಿದೆ: ಮೂಲೆಯನ್ನು ಚೂಪಾಗಿ ಬಿಟ್ಟಿದ್ದಾರೆ, ಬೆಲ್ಟ್ ವಿಪರೀತ ಬಿಗಿ, ಇಎನ್-8 ಎಂದು ಮೆದು ಉಕ್ಕು ಕೊಟ್ಟಿದ್ದಾರೆ, ಅಥವಾ ತುಕ್ಕು. ಇವುಗಳಲ್ಲಿ ತುಕ್ಕಿನ ಬಗ್ಗೆ ಎಚ್ಚರ ಬೇಕು, ಏಕೆಂದರೆ ಒದ್ದೆಯಲ್ಲಿ ಓಡುವ ಉಕ್ಕಿಗೆ ದಣಿವಿನ ಮಿತಿ ಎಂಬುದೇ ಉಳಿಯುವುದಿಲ್ಲ. ಎಷ್ಟು ಕಡಿಮೆ ಒತ್ತಡವಾದರೂ ಒಂದು ದಿನ ಮುರಿಯುತ್ತದೆ.

ಹಂತ 4: ಪರೀಕ್ಷೆ

ಸಮಯ ಹೆಚ್ಚು ಕೊಡಬೇಕಾದ್ದು ಇಲ್ಲಿ.

ಡೈ ಪೆನೆಟ್ರಂಟ್ (ಡಿಪಿ ಎನ್ನುತ್ತಾರೆ) ಅಗ್ಗ, ಮೂರು ಸ್ಪ್ರೇ ಡಬ್ಬಿಯಲ್ಲಿ ಮುಗಿಯುತ್ತದೆ. ಅದರ ಅರ್ಧ ಯಶಸ್ಸು ತೊಳೆಯುವುದರಲ್ಲಿದೆ. ಬಿರುಕಿನ ಬಾಯಿ ತೆರೆದಿದ್ದರೆ ಮಾತ್ರ ಬಣ್ಣ ಒಳಗೆ ಇಳಿಯುವುದು. ಗ್ರೀಸ್, ಕಾಫಿ ಎಣ್ಣೆಯ ಜಿಡ್ಡು, ಹಳೆ ಪೇಂಟ್, ತುಕ್ಕು ಯಾವುದು ತುಂಬಿದ್ದರೂ ಬಿರುಕು ಮಾಯ. ಇಲ್ಲಿ ವರ್ಕ್‌ಶಾಪ್ ಹುಡುಗರು ಮಾಡುವ ಅನಾಹುತವೆಂದರೆ ಗ್ರೈಂಡರಿಗೆ ವೈರ್ ಬ್ರಶ್ ಹಾಕಿ ಫಳಫಳ ಹೊಳೆಯುವಂತೆ ಉಜ್ಜುವುದು. ಮೇಲ್ಮೈಯ ಲೋಹ ಸವರಿಕೊಂಡು ಬಿರುಕಿನ ಬಾಯಿ ಮುಚ್ಚಿಬಿಡುತ್ತದೆ. ಪೇಂಟಿಗೆ ಪೇಂಟ್ ರಿಮೂವರ್, ಜಿಡ್ಡಿಗೆ ದ್ರಾವಕ, ತುಕ್ಕಿಗೆ ರಾಸಾಯನಿಕ. ಆಮೇಲೆ ಚೆನ್ನಾಗಿ ಒಣಗಬೇಕು. ಮಳೆಗಾಲದ ಮೂಡಿಗೆರೆಯಲ್ಲಿ "ಒಣಗಿದೆ" ಎಂದು ಕಣ್ಣಿಗೆ ಕಂಡರೂ ಬಿರುಕಿನೊಳಗೆ ನೀರು ಇದ್ದೇ ಇರುತ್ತದೆ. ಬಿಸಿಗಾಳಿ ಹಾಯಿಸಿ, ಕೈಗೆ ಉಗುರುಬೆಚ್ಚಗೆ ತಾಗುವವರೆಗೆ ಕಾಯಿರಿ.

ಕೆಂಪು ಬಣ್ಣ ಹೊಡೆದ ಮೇಲೆ ಹತ್ತಿಪ್ಪತ್ತು ನಿಮಿಷ ಬಿಡಿ. ಡಿಸೆಂಬರ್ ಬೆಳಗಿನಲ್ಲಿ ಲೋಹ ತಣ್ಣಗೆ ಕೊರೆಯುತ್ತಿದ್ದರೆ ಇನ್ನೂ ಹೆಚ್ಚು. 10 ಡಿಗ್ರಿಗಿಂತ ತಣ್ಣಗಿರುವ ಲೋಹಕ್ಕೆ ಸಾಮಾನ್ಯ ವಿಧಾನ ನಂಬಬೇಡಿ. ಒರೆಸುವಾಗ ದ್ರಾವಕವನ್ನು ನೇರ ಶಾಫ್ಟಿಗೆ ಸ್ಪ್ರೇ ಮಾಡಬಾರದು, ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗುತ್ತದೆ. ಮೊದಲು ಒಣ ಬಟ್ಟೆ, ನಂತರ ದ್ರಾವಕ ತೋಯಿಸಿದ ಬಟ್ಟೆ. ಆಮೇಲೆ ಬಿಳಿ ಡೆವಲಪರಿನ ತೆಳು ಪದರ. ಹೊಡೆದ ಕ್ಷಣದಿಂದಲೇ ನೋಡುತ್ತಿರಿ. ನಿಜವಾದ ದಣಿವಿನ ಬಿರುಕು ಮೊದಲು ಕೂದಲಿನಷ್ಟು ಸಣ್ಣ ಕೆಂಪು ಗೆರೆಯಾಗಿ ಮೂಡಿ ನಿಧಾನವಾಗಿ ಅಗಲವಾಗುತ್ತದೆ. ಹತ್ತು ನಿಮಿಷದ ನಂತರ ಬಂದು ನೋಡಿದವರಿಗೆ ಬರೀ ಕೆಂಪು ಕಲೆ ಸಿಗುತ್ತದೆ, ಗೀರೋ ಬಿರುಕೋ ಗೊತ್ತಾಗುವುದಿಲ್ಲ. ಅನುಮಾನವಿದ್ದರೆ ಆ ಜಾಗವನ್ನಷ್ಟೇ ಒರೆಸಿ ಮತ್ತೆ ಡೆವಲಪರ್ ಹೊಡೆಯಿರಿ. ಬಿರುಕಾದರೆ ಕೆಂಪು ಮತ್ತೆ ಒಸರುತ್ತದೆ, ಗೀರಾದರೆ ಇಲ್ಲ. ಬೆಳಕು 1,000 ಲಕ್ಸ್ ಬೇಕು. ಶೆಡ್ಡಿನ ಟ್ಯೂಬ್‌ಲೈಟ್ ಅದರ ಹತ್ತಿರಕ್ಕೂ ಬರುವುದಿಲ್ಲ.

ಸೀಮೆಎಣ್ಣೆ ಹಚ್ಚಿ, ಒರೆಸಿ, ಸುಣ್ಣದ ಪುಡಿ ಬಳಿಯುವ ಹಳೆಯ ಪದ್ಧತಿ ಗೊತ್ತಿರುವವರು ಇನ್ನೂ ಇದ್ದಾರೆ. ರೈಲ್ವೆ ವರ್ಕ್‌ಶಾಪುಗಳಿಂದ ಬಂದ ವಿದ್ಯೆ ಅದು, ಡಿಪಿಯ ಅಜ್ಜ. ದೊಡ್ಡ ಬಿರುಕು ತೋರಿಸುತ್ತದೆ, ನಿಜ. ಆಯಸ್ಸಿನ ಲೆಕ್ಕಕ್ಕೆ ಅದು ಬೇಡ.

ಉಕ್ಕಿಗೆ ನನ್ನ ಆಯ್ಕೆ ಮ್ಯಾಗ್ನೆಟಿಕ್ ಪಾರ್ಟಿಕಲ್, ಎಂಪಿಐ. ಯೋಕ್ ಎಂಬ ಕೈ ಅಯಸ್ಕಾಂತ ಇಟ್ಟು ಕಬ್ಬಿಣದ ಸಣ್ಣ ಪುಡಿ ಹಾಕಿದರೆ ಬಿರುಕಿನ ಬಾಯಲ್ಲಿ ಪುಡಿ ಗೆರೆಯಾಗಿ ನಿಲ್ಲುತ್ತದೆ. ಬಿರುಕಿನಲ್ಲಿ ಸ್ವಲ್ಪ ಕಸ ತುಂಬಿದ್ದರೂ ಕೆಲಸ ಮಾಡುತ್ತದೆ, ಡಿಪಿಗಿಂತ ಇದೇ ಇದರ ಹೆಚ್ಚುಗಾರಿಕೆ. ಬಂದವರಿಗೆ ಎರಡು ಮಾತು ಕೇಳಿ. ಎಸಿ ಯೋಕ್ ಆದರೆ ಅದು 4.5 ಕಿಲೋ ತೂಕದ ಉಕ್ಕಿನ ತುಂಡನ್ನು ಎತ್ತುತ್ತದೆಯೇ ಎಂದು ಎದುರಿಗೇ ತೋರಿಸಲಿ. ಮತ್ತು ಪ್ರತಿ ಜಾಗವನ್ನೂ ಎರಡು ದಿಕ್ಕಿನಲ್ಲಿ, ಒಂದಕ್ಕೊಂದು ಅಡ್ಡಲಾಗಿ, ನೋಡಲಿ. ಕಾಂತಕ್ಷೇತ್ರಕ್ಕೆ ಸಮಾನಾಂತರವಾಗಿ ಮಲಗಿದ ಬಿರುಕು ಕಾಣುವುದೇ ಇಲ್ಲ. ಶಾಫ್ಟಿನ ಭುಜದಲ್ಲಿ ಬಿರುಕು ಸುತ್ತಲೂ ಅಡ್ಡ ಬೆಳೆಯುವುದರಿಂದ ಉದ್ದುದ್ದದ ಕ್ಷೇತ್ರ ಮುಖ್ಯ. ಮುಗಿದ ಮೇಲೆ ಕಾಂತತ್ವ ತೆಗೆಸಿ, ಇಲ್ಲವಾದರೆ ಬೇರಿಂಗಿಗೆ ಕಬ್ಬಿಣದ ಚೂರು ಅಂಟಿಕೊಳ್ಳುತ್ತದೆ.

ಪುಲ್ಲಿ ಬಿಚ್ಚಲು ಆಗದಿದ್ದರೆ ಅಲ್ಟ್ರಾಸಾನಿಕ್. ಶಾಫ್ಟಿನ ತುದಿಯಿಂದ ಧ್ವನಿ ಕಳಿಸಿ ಪ್ರತಿಧ್ವನಿ ನೋಡುವುದು. ರೈಲ್ವೆಯವರು ಅಚ್ಚುಗಳನ್ನು ಹೀಗೇ ತಪಾಸಣೆ ಮಾಡುತ್ತಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ 1:50ರ ಇಳಿಜಾರಿನಲ್ಲಿ 57 ಸುರಂಗ ದಾಟಿ ಇಳಿಯುವ ಗಾಡಿಯ ಅಚ್ಚನ್ನು ಪ್ರತಿ ಸಲ ಕಳಚಿ ನೋಡಲಾದೀತೇ? ತೊಂದರೆ ಏನೆಂದರೆ ಭುಜ, ಕೀವೇ, ಬಿಗಿಯಾಗಿ ಕೂತ ಪುಲ್ಲಿ ಎಲ್ಲವೂ ಪ್ರತಿಧ್ವನಿ ಕೊಡುತ್ತವೆ. ಇದಕ್ಕೊಂದು ಉಪಾಯ: ಅದೇ ಅಳತೆಯ ಗುಜರಿ ಶಾಫ್ಟಿನ ಭುಜದಲ್ಲಿ ಗರಗಸದಿಂದ 2 ಮಿಮೀ ಆಳದ ಗಾಯ ಮಾಡಿಸಿಟ್ಟುಕೊಳ್ಳಿ. ಟೆಸ್ಟ್ ಮಾಡುವವರು ಮೊದಲು ಅದರ ಮೇಲೆ ತೋರಿಸಲಿ. ಗಾಯ ಕಾಣದ ಯಂತ್ರಕ್ಕೆ ನಿಮ್ಮ ಶಾಫ್ಟಿನ ಬಿರುಕೂ ಕಾಣುವುದಿಲ್ಲ.

ಎಕ್ಸ್-ರೇ ಬೇಡ. ಎರಕದ ಗುಳ್ಳೆ ಹಿಡಿಯಲು ಅದು ಒಳ್ಳೆಯದು, ಬಿಗಿಯಾಗಿ ಮುಚ್ಚಿಕೊಂಡ ದಣಿವಿನ ಬಿರುಕಿಗೆ ಕುರುಡು. ಸುರುಳಿಯಿಂದ ಲೋಹದಲ್ಲಿ ವಿದ್ಯುತ್ ಹುಟ್ಟಿಸಿ ಬಿರುಕು ಹುಡುಕುವ ಎಡ್ಡಿ ಕರೆಂಟ್ ಒಳ್ಳೆಯದೇ, ಆದರೆ ನುರಿತ ಕೈ ಬೇಕು. ಬಿರುಕು ಹುಟ್ಟುವ ಮೊದಲೇ ದಣಿವನ್ನು ಹಿಡಿಯಲು ಬಾರ್ಕ್‌ಹೌಸೆನ್ ನಾಯ್ಸ್‌ನಂಥ ಕಾಂತೀಯ ವಿಧಾನಗಳಿವೆ. ಹೊಸ ಶಾಫ್ಟಿನ ದರಕ್ಕೆ ಹೋಲಿಸಿದರೆ ನಮ್ಮ ಮಟ್ಟಕ್ಕೆ ಅದು ಅತಿಯಾಯಿತು.

ಯಾವ ವಿಧಾನವಾದರೂ ಮಾಡುವವರು ಲೆವೆಲ್-2 ಪ್ರಮಾಣಪತ್ರ ಹೊಂದಿರಬೇಕು. ಭಾರತದಲ್ಲಿ ಇದಕ್ಕೆ ಐಎಸ್ 13805 ಮಾನದಂಡವಿದೆ. ನೋಡಲು ಕೇಳಿದರೆ ಯಾರೂ ಬೇಸರಿಸಿಕೊಳ್ಳಬಾರದು.

ಹಂತ 5: ಕಣ್ತಪ್ಪಬಹುದಾದ ದೊಡ್ಡ ಬಿರುಕು ಯಾವುದು?

"ನಿಮಗೆ ಸಿಗುವ ಅತಿ ಚಿಕ್ಕ ಬಿರುಕು ಎಷ್ಟು?" ಎಂದು ಎಲ್ಲರೂ ಕೇಳುತ್ತಾರೆ. "ಅರ್ಧ ಮಿಲಿಮೀಟರ್" ಎಂಬ ಹೆಮ್ಮೆಯ ಉತ್ತರ ಬರುತ್ತದೆ. ನಮಗೆ ಅದು ಉಪಯೋಗವಿಲ್ಲ. ಕೇಳಬೇಕಾದ್ದು ಅವರ ಕೈಯಿಂದ ತಪ್ಪಿಸಿಕೊಳ್ಳಬಹುದಾದ ಅತಿ ದೊಡ್ಡ ಬಿರುಕು ಎಷ್ಟು ಎಂದು. ವಿಮಾನ ಉದ್ಯಮದಲ್ಲಿ ಇದಕ್ಕೆ ಅಳತೆಯಿದೆ: ನೂರರಲ್ಲಿ 90 ಸಲ ಸಿಕ್ಕೇ ಸಿಗುವ ಗಾತ್ರ, ಅದೂ ಶೇ 95 ವಿಶ್ವಾಸದೊಂದಿಗೆ. ಒಂದೇ ಗಾತ್ರದ 29 ಬಿರುಕು ಕೊಟ್ಟು, 29ನ್ನೂ ಹಿಡಿದರೆ ಆ ಮಟ್ಟ ಮುಟ್ಟಿದಂತೆ. ಒಂದು ತಪ್ಪಿದರೂ ಸಾಲದು.

ಇಷ್ಟು ಬಿಗಿ ಯಾಕೆ ಎಂದರೆ, 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಡಿಸಿ-10 ವಿಮಾನವೊಂದು ಎಂಜಿನ್ನಿನ ಫ್ಯಾನ್ ಡಿಸ್ಕ್ ಒಡೆದು ನೆಲಕ್ಕಪ್ಪಳಿಸಿತು. ಆ ಡಿಸ್ಕಿಗೆ ಹಿಂದೆ ಫ್ಲೋರೆಸೆಂಟ್ ಪೆನೆಟ್ರಂಟ್ ಪರೀಕ್ಷೆ ಆಗಿತ್ತು. ಆಗಲೇ ಕಾಣುವಷ್ಟು ದೊಡ್ಡ ಬಿರುಕಿತ್ತು, ಆದರೂ ಕಣ್ತಪ್ಪಿತು ಎಂದು ತನಿಖೆ ಹೇಳಿತು. ಅದು ಅತ್ಯುತ್ತಮ ವರ್ಕ್‌ಶಾಪು. ನಮ್ಮ ಶೆಡ್ಡಿನ ಮಂದ ಬೆಳಕಿನಲ್ಲಿ, ಹೊರಗೆ ಮಳೆ ಸುರಿಯುತ್ತಿರುವಾಗ, ನಾನಾದರೆ 1.5 ಮಿಮೀಗಿಂತ ಕಡಿಮೆ ಆಳದ ಬಿರುಕು ಸಿಗುತ್ತದೆಂದು ಹಿಡಿಯುವುದಿಲ್ಲ. ವೆಲ್ಡ್ ಆದರೆ 2 ಮಿಮೀ, ಏಕೆಂದರೆ ವೆಲ್ಡಿನ ಅಂಕುಡೊಂಕು ಬಿರುಕನ್ನು ಅಡಗಿಸುತ್ತದೆ.

ಹಂತ 6: ಬಿರುಕು ಬೆಳೆಸಿ ನೋಡಿ, ಕಾಗದದ ಮೇಲೆ

ಪ್ಯಾರಿಸ್ ನಿಯಮದಂತೆ ಒಂದು ಆವರ್ತಕ್ಕೆ ಬಿರುಕು ಬೆಳೆಯುವ ಉದ್ದ ಬಿರುಕಿನ ತುದಿಯ ಒತ್ತಡ ತೀವ್ರತೆಯ ಘನವನ್ನು ಅವಲಂಬಿಸಿದೆ (ಸಾಮಾನ್ಯ ಉಕ್ಕಿಗೆ ಘಾತ 3). ತೀವ್ರತೆ ಎಂದರೆ ಆಕಾರಾಂಕ × ಒತ್ತಡ × (3.14 × ಬಿರುಕಿನ ಆಳ)ದ ವರ್ಗಮೂಲ. ಇದನ್ನು ಒಟ್ಟುಗೂಡಿಸಿದರೆ ಬರುವ ಸೂತ್ರ:

ಉಳಿದ ಆವರ್ತಗಳು = 2 ÷ [ಸ್ಥಿರಾಂಕ × (ಆಕಾರಾಂಕ × ಒತ್ತಡ)³ × 5.57] × [1/√ಆರಂಭದ ಆಳ − 1/√ಕೊನೆಯ ಆಳ]

ಒತ್ತಡ ಮೆಗಾಪ್ಯಾಸ್ಕಲ್‌ನಲ್ಲಿ, ಆಳ ಮೀಟರಿನಲ್ಲಿ. ಸಾಧಾರಣ ಇಂಗಾಲದ ಉಕ್ಕಿಗೆ ಸ್ಥಿರಾಂಕ 6.9 × 10⁻¹². ವೆಲ್ಡ್ ಇರುವಲ್ಲಿ ಸುರಕ್ಷಿತವಾದ ಅಂಕಿ 1.65 × 10⁻¹¹. ಮೇಲ್ಮೈಯ ಅರ್ಧವೃತ್ತದ ಬಿರುಕಿಗೆ ಆಕಾರಾಂಕ 0.7ರ ಹತ್ತಿರ.

ಶಾಫ್ಟಿಗೆ ಹಾಕೋಣ. ಬಿರುಕು ಭುಜದ ಮೂಲೆಯಲ್ಲಿರುವುದರಿಂದ 60ನ್ನು 90ಕ್ಕೆ ಏರಿಸಿ. ಅದುಮುವ ಅರ್ಧ ಸುತ್ತಿನಲ್ಲಿ ಬಿರುಕು ಮುಚ್ಚಿಕೊಳ್ಳುವುದರಿಂದ ಎಳೆತದ ಭಾಗವನ್ನಷ್ಟೇ ಹಿಡಿದಿದ್ದೇವೆ. ಆರಂಭ 1.5 ಮಿಮೀ, ಕೊನೆ 15 ಮಿಮೀ. ಉತ್ತರ ಸುಮಾರು 36.7 ಲಕ್ಷ ಆವರ್ತ. ಕೇಳಲು ಬಹಳ ಎನಿಸುತ್ತದೆ. ದಿನಕ್ಕೆ 1,80,000 ಎಂದರೆ 20 ದಿನ!

ಇನ್ನು ಡ್ರಾಬಾರ್. ಒತ್ತಡ 120, ಆಕಾರಾಂಕ 0.8, ವೆಲ್ಡಿನ ಸ್ಥಿರಾಂಕ, 2 ಮಿಮೀಯಿಂದ 12 ಮಿಮೀಗೆ. ಉತ್ತರ 3.25 ಲಕ್ಷ ಆವರ್ತ, ಶಾಫ್ಟಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಆದರೆ ದಿನಕ್ಕೆ ಸಾವಿರವೇ ತಾನೇ. 325 ದಿನ, ಕೊಯ್ಲಿಗೆ 100 ದಿನವೆಂದರೆ ಮೂರು ಸೀಸನ್ನು ದಾಟುತ್ತದೆ.

ಬಿರುಕು ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ಒಂದು ಭಾಗಕ್ಕೆ ವಾರಗಳು, ಇನ್ನೊಂದಕ್ಕೆ ವರ್ಷಗಳು. "ಎರಡು ಮಿಲಿಮೀಟರ್ ಬಿರುಕು ಪರವಾಗಿಲ್ಲ" ಎಂದು ಯಾರಾದರೂ ಅಂದರೆ ಯಾವ ಭಾಗದಲ್ಲಿ ಎಂದು ಕೇಳುವುದು ಇದಕ್ಕೇ.

ಅಂಕಿಗಳನ್ನು ಸ್ವಲ್ಪ ಅಲ್ಲಾಡಿಸಿ ನೋಡಿ. ಶಾಫ್ಟಿನ ಕೊನೆಯ ಆಳವನ್ನು 15ರಿಂದ 20 ಮಿಮೀ ಮಾಡಿದರೆ ಒಂದೂಚಿಲ್ಲರೆ ದಿನ ಹೆಚ್ಚಾಗುತ್ತದೆ, ಅಷ್ಟೇ. ಹಾಗಾಗಿ ಎಷ್ಟು ಆಳಕ್ಕೆ ಮುರಿಯುತ್ತದೆಂದು ತಲೆ ಕೆಡಿಸಿಕೊಳ್ಳಬೇಡಿ. ಆರಂಭವನ್ನು 0.5ಕ್ಕೆ ಇಳಿಸಿದರೆ 20 ದಿನ 42 ಆಗುತ್ತದೆ, 3 ಮಿಮೀಗೆ ಏರಿಸಿದರೆ 12ಕ್ಕೆ ಕುಸಿಯುತ್ತದೆ. ಒಳ್ಳೆಯ ಪರೀಕ್ಷೆಗೆ ಕೊಡುವ ದುಡ್ಡು ಇಲ್ಲಿ ವಸೂಲಾಗುತ್ತದೆ. ಇನ್ನೂ ಅಗ್ಗದ ದಾರಿಯೊಂದಿದೆ. ಪುಲ್ಲಿಯನ್ನು ಬೇರಿಂಗಿನ ಕಡೆ 50 ಮಿಮೀ ಒಳಗೆ ತಂದರೆ ಒತ್ತಡ ಮೂರರಲ್ಲಿ ಎರಡು ಭಾಗಕ್ಕಿಳಿದು ಆಯಸ್ಸು ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ.

ಒಂದು ಅಪವಾದ ಹೇಳಿಬಿಡಬೇಕು. ತೀವ್ರತೆ ಒಂದು ಮಿತಿಗಿಂತ ಕಡಿಮೆ ಇದ್ದರೆ ಬಿರುಕು ಅಲ್ಲಾಡುವುದೇ ಇಲ್ಲ. ನಮ್ಮ ಶಾಫ್ಟಿನ 1.5 ಮಿಮೀ ಬಿರುಕಿನ ತೀವ್ರತೆ 4.3, ಆ ಮಿತಿಗೆ ಬಹಳ ಹತ್ತಿರ. ಅದು ವರ್ಷಗಟ್ಟಲೆ ಮಲಗಿಯೇ ಇರಬಹುದು. ಹಲ್ಲರಿಗೆ ಕಲ್ಲು ಸಿಕ್ಕು ಜಾಮ್ ಆದ ದಿನ, ಇಲ್ಲವೇ ಹೊಸ ಬೆಲ್ಟನ್ನು ಜೋರಾಗಿ ಬಿಗಿದ ದಿನ ಎದ್ದು ಕೂರುತ್ತದೆ. ಎದ್ದ ಮೇಲೆ ಮಾತ್ರ ಮೇಲಿನ 20 ದಿನ.

ಹಂತ 7: ಮುಂದಿನ ಪರೀಕ್ಷೆ ಯಾವಾಗ?

ಬಂದ ಆಯಸ್ಸನ್ನು ಮೂರರಿಂದ ಭಾಗಿಸಿ, ಅದು ಮರುಪರೀಕ್ಷೆಯ ಅವಧಿ. ಒಂದು ಸಲ ಕಣ್ತಪ್ಪಿದರೂ ಮುರಿಯುವ ಮೊದಲು ಮತ್ತೊಂದು ಅವಕಾಶ ಸಿಗುತ್ತದೆ. ಡ್ರಾಬಾರಿಗೆ 325 ದಿನದಲ್ಲಿ ಮೂರನೇ ಒಂದು ಭಾಗ, ಅಂದರೆ ಪ್ರತಿ ಕೊಯ್ಲಿಗೆ ಮುಂಚೆ ಒಮ್ಮೆ. ಅಕ್ಟೋಬರಿನಲ್ಲಿ ಮಾಡಿಸಿ, ಅರೇಬಿಕಾ ಹಣ್ಣಾಗುವ ಹೊತ್ತಿಗೆ ಗಾಡಿ ಸಿದ್ಧವಿರುತ್ತದೆ.

ಶಾಫ್ಟಿಗೆ ಇದೇ ಸೂತ್ರ ಹಾಕಿದರೆ ವಾರಕ್ಕೊಮ್ಮೆ ಎಂಪಿಐ ಮಾಡಿಸಬೇಕು. ಯಾರೂ ಮಾಡಿಸುವುದಿಲ್ಲ. ಆದ್ದರಿಂದ ವೇಗವಾಗಿ ತಿರುಗುವ ಶಾಫ್ಟಿಗೆ ನಿಯಮ ಬೇರೆ: ಸೀಸನ್ನಿಗೆ ಮುಂಚೆ ಒಂದು ಸಮಗ್ರ ಪರೀಕ್ಷೆ, ಯಾವ ಗಾತ್ರದ ಬಿರುಕು ಕಂಡರೂ ಶಾಫ್ಟ್ ಹೊರಗೆ, ಕಪಾಟಿನಲ್ಲಿ ತಿರುವಿಟ್ಟ ಇನ್ನೊಂದು ಶಾಫ್ಟ್. ಸೀಸನ್ನಿನ ನಡುವೆ ವೈಬ್ರೇಶನ್ ಏರುತ್ತಿದೆಯೇ ಎಂದು ಗಮನಿಸಿ, ಆದರೆ ಅದು ಬಿರುಕು ಬಹಳ ದೊಡ್ಡದಾದ ಮೇಲೆ ಕೊಡುವ ಸೂಚನೆ.

ಬಿರುಕು ಸಿಕ್ಕಿಬಿಟ್ಟರೆ

ವೆಲ್ಡ್ ಹಾಕಿ ಮುಚ್ಚಬೇಡಿ. ಡ್ರಾಬಾರಿನಂಥ ದಪ್ಪ ಭಾಗದಲ್ಲಿ 1 ಮಿಮೀ ಒಳಗಿನ ಬಿರುಕಾದರೆ ಉಜ್ಜಿ ತೆಗೆದು, ಗುಂಡಿಯನ್ನು ನಯವಾಗಿ ಇಳಿಜಾರಾಗಿ ಮಾಡಿ, ಮತ್ತೆ ಎಂಪಿಐ ಮಾಡಿಸಿ. ಉಜ್ಜಿದ ಗೆರೆಗಳು ಬಲದ ದಿಕ್ಕಿನಲ್ಲಿರಲಿ, ಅಡ್ಡಲಾಗಿ ಬೇಡ. ಬಿರುಕಿನ ತುದಿಯಲ್ಲಿ ತೂತು ಕೊರೆಯುವುದು ತಾತ್ಕಾಲಿಕ ಉಪಾಯ, ಅದೂ ತುದಿ ಎಲ್ಲಿದೆಯೆಂದು ಡಿಪಿಯಲ್ಲಿ ಖಚಿತಪಡಿಸಿಕೊಂಡ ಮೇಲೆ.

ಹೊಸ ಶಾಫ್ಟ್ ತಿರುವಿಸುವಾಗ ಟರ್ನರಿಗೆ ಭುಜದ ಮೂಲೆಯಲ್ಲಿ ಕನಿಷ್ಠ 3 ಮಿಮೀ ತ್ರಿಜ್ಯ ಬಿಡಲು ಹೇಳಿ, ಬೇರಿಂಗ್ ಸರಿಯಾಗಿ ಕೂರುವುದಿಲ್ಲವೆಂದರೆ ನಡುವೆ ಒಂದು ರಿಂಗ್ ಹಾಕಿಸಿ. ಕೀವೇಯನ್ನು ಭುಜದವರೆಗೆ ಎಳೆಯದಿರಲಿ. ಯಂತ್ರಕ್ಕೆ ಜೋಡಿಸುವ ಮೊದಲು ಎರಡೂ ತುದಿಯಿಂದ ಅಲ್ಟ್ರಾಸಾನಿಕ್ ಮಾಡಿಸಿ ಪರದೆಯ ಫೋಟೋ ತೆಗೆದಿಡಿ, ಪ್ರೋಬಿನ ಆವರ್ತಾಂಕ ಮತ್ತು ಗೇನ್ (ಪ್ರತಿಧ್ವನಿಯನ್ನು ಹಿಗ್ಗಿಸಿದ ಪ್ರಮಾಣ) ಎಷ್ಟಿತ್ತೆಂದು ಅದರ ಹಿಂದೆ ಬರೆಯಿರಿ. ಮುಂದಿನ ವರ್ಷ ಪುಲ್ಲಿ ಬಿಚ್ಚದೆ ಅದೇ ಗೇನಿನಲ್ಲಿ ನೋಡಿದಾಗ ಹೊಸದಾಗಿ ಒಂದು ಪ್ರತಿಧ್ವನಿ ಎದ್ದಿದ್ದರೆ ಅದನ್ನು ಹಳೆಯ ಫೋಟೋದಲ್ಲಿ ಹುಡುಕಿ. ಅಲ್ಲಿಲ್ಲದಿದ್ದರೆ ಪುಲ್ಲಿ ಬಿಚ್ಚಿಸಿ.